ಮರಿದೇವರು ಕಟ್ಟಿದ ಹಬೆಯಂತ್ರ

ಕಾದ ಹಿತ್ತಾಳೆಯ ಮೇಲೆ ಹರಳೆಣ್ಣೆ ಬಿದ್ದರೆ ಒಂದು ವಾಸನೆ ಏಳುತ್ತದೆ. ಅದನ್ನು ಒಳ್ಳೆಯ ವಾಸನೆ ಅಂತ ಯಾರೂ ಹೇಳಲಾರರು, ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ಮೊನ್ನೆ ಹಿರಿಯೂರಿಗೆ ಮೊಮ್ಮಗಳ ಮನೆಗೆ ಹೋಗಿದ್ದಾಗ, ಸುಮ್ಮನೆ ಕೂರುವ ಬದಲು ಅವಳ ಜೊತೆ ಜೋಳ ಬೀಸಿಸಲು ಹಿಟ್ಟಿನ ಗಿರಣಿಗೆ ಹೋದೆ. ಗಿರಣಿಯವನು ಕಾದು ಕಿರುಗುಟ್ಟುತ್ತಿದ್ದ ಯಾವುದೋ ಹಿತ್ತಾಳೆಯ ಬಿಲ್ಲೆಗೆ ಹರಳೆಣ್ಣೆ ಹನಿಸಿದ. ಅಷ್ಟೇ, ನಾನು ಅಲ್ಲೇ ಯಾರದೋ ಜೋಳದ ಚೀಲದ ಮೇಲೆ ಕುಳಿತುಬಿಟ್ಟೆ. ಮೊಮ್ಮಗಳಿಗೆ ಗಾಬರಿ. "ಏನಾಯ್ತಜ್ಜೀ, ನೀರು ತರ್ಲಾ?" ಅಂದಳು. "ಏನೂ ಆಗಿಲ್ಲ ಕಣೇ, ನಮ್ಮ ಚಿಕ್ಕಪ್ಪ ಬಂದುಹೋದಂಗಾತು" ಅಂದೆ. ಅವಳು ಗಿರಣಿಯ ಬಾಗಿಲ ಕಡೆ ತಿರುಗಿ ನೋಡಿದಳು, ಪಾಪ. ಸತ್ತು ಎಷ್ಟೋ ಕಾಲವಾದ ಮನುಷ್ಯ ಎಣ್ಣೆಯ ವಾಸನೆ ಹಿಡಿದು ಬರುತ್ತಾನೆ ಅಂದರೆ ಆ ವಯಸ್ಸಿನವರಿಗೆ ತಿಳಿಯುವುದಾದರೂ ಹೇಗೆ? ನಿಮಗೆ ತಿಳಿಯುತ್ತದೆ ಅಂದುಕೊಂಡು ಬರೆಯುತ್ತಿದ್ದೇನೆ. ನಿಮ್ಮ ಮೂಗಿನಲ್ಲೂ ಇಂಥದೊಂದು ವಾಸನೆ ಅಡಗಿ ಕುಳಿತಿರುತ್ತದೆ.

ನಮ್ಮದು ಹೊಳಲ್ಕೆರೆಯಲ್ಲಿ ಅಯ್ಯನೋರ ಮನೆ. ಮಹಾರಾಜರ ಕಾಲ. ಮಣ್ಣಿನ ಮಾಳಿಗೆಯ, ದಪ್ಪ ಗೋಡೆಯ ಮನೆ ಅದು. ಹೊರಗೆ ಬಿಸಿಲು ತಲೆ ಸೀಳುತ್ತಿದ್ದರೂ ಒಳಗೆ ಕಾಲಿಟ್ಟರೆ ನೆಲ ತಣ್ಣಗೆ ಇರುತ್ತಿತ್ತು. ಗವಾಕ್ಷಿಯಿಂದ ಇಳಿಯುವ ಬಿಸಿಲಿನ ಕೋಲು ನಡುಮನೆಯ ಯಾವ ಕಡೆಗೆ ಬಂದಿದೆ ಅಂತ ನೋಡಿಯೇ ನಮ್ಮವ್ವ ಒಲೆಗೆ ಎಸರಿಡುತ್ತಿದ್ದಳು. ಸುಗ್ಗಿಯಲ್ಲಿ ಪಡಸಾಲೆಯ ತುಂಬ ಹತ್ತಿ. ಅದರ ಮೇಲೆ ಬಿದ್ದು ಹೊರಳಾಡಿ ಮೈಯೆಲ್ಲ ಎಳೆ ಅಂಟಿಸಿಕೊಂಡು ಬಂದರೆ ಅಜ್ಜಿ, "ಲೇ ಗಿರಿಜಿ, ಕುರಿ ಆಗೀಯಲ್ಲೇ, ಉಣ್ಣೆ ಕತ್ತರಿಸ್ಬೇಕೇನೇ!" ಅಂತ ಗದರಿಸುತ್ತಿದ್ದಳು. ಅಜ್ಜಿ ಗದರಿಸದ ದಿನವೇ ಇರಲಿಲ್ಲ. ನನ್ನನ್ನು, ನನ್ನ ಅವ್ವನನ್ನು, ಎಮ್ಮೆಯನ್ನು, ಆಳುಗಳನ್ನು, ಮೀಸೆ ಬೆಳೆದ ನಮ್ಮಪ್ಪನನ್ನೂ ಬೈಯುತ್ತಿದ್ದಳು. ಆ ಬೈಗುಳ ಕೇಳಿಸಿದರೇನೇ ಮನೆಯಲ್ಲಿ ಎಲ್ಲ ಸರಿಯಾಗಿದೆ ಅಂತ ನಮಗೆ ಧೈರ್ಯ. ಅವಳು ಬೈಯದೆ ಬಿಟ್ಟವರು ಒಬ್ಬರೇ, ಅವಳ ಕಿರಿಯ ಮಗ, ನನ್ನ ಚಿಕ್ಕಪ್ಪ ರುದ್ರಯ್ಯ.

ಯಾಕೆಂದರೆ ಚಿಕ್ಕಪ್ಪ ನಮ್ಮವರಾಗಿರಲಿಲ್ಲ, ಮಠದವರಾಗಿದ್ದರು. ಅಪ್ಪ ಹುಟ್ಟಿದ ಮೇಲೆ ಅಜ್ಜಿಗೆ ಆದ ಮಕ್ಕಳೆಲ್ಲ ತೊಟ್ಟಿಲಲ್ಲೇ ಹೋದವಂತೆ. ಕೊನೆಗೆ ಹುಟ್ಟಿದ ಚಿಕ್ಕಪ್ಪನಿಗೂ ಕಾಯಿಲೆಯಾಗಿ, ಹಾಲು ಬಿಟ್ಟು, ಕಣ್ಣು ಮೇಲಾದಾಗ ಅಜ್ಜಿ ಕೂಸನ್ನು ಮಡಿಲಲ್ಲಿ ಕಟ್ಟಿಕೊಂಡು ನಮ್ಮ ಗುರುಮಠಕ್ಕೆ ಹೋಗಿ ಸ್ವಾಮಿಗಳ ಪಾದದ ಮೇಲೆ ಹಾಕಿ, "ಬದುಕಿಸಿದ್ರೆ ಇದು ನಿಮ್ಮ ಮಠದ ಮರಿ, ಬುದ್ಧಿ" ಅಂತ ಹರಕೆ ಹೊತ್ತಳು. ಕೂಸು ಬದುಕಿತು. ಸ್ವಾಮಿಗಳು ಕೂಸನ್ನು ಮಠದ ಮರಿಯೆಂದು, ಅಂದರೆ ಮುಂದೆ ಸ್ವಾಮಿಯಾಗುವವನೆಂದು, ಒಪ್ಪಿಕೊಂಡ ಗುರುತಿಗೆ ಮೂತಿಯಿರುವ ಒಂದು ತಾಮ್ರದ ಗಿಂಡಿ ಕೊಟ್ಟು ಕಳಿಸಿದರು. ಗುರುಗಳು ಮನೆಗೆ ಬಂದಾಗ ಅವರ ಪಾದ ತೊಳೆಯುವುದಕ್ಕೆ ಆ ಗಿಂಡಿ. ಅದು ದೇವರ ಮನೆಯ ಗೂಡಿನಲ್ಲಿ ಕಾವಿ ಬಟ್ಟೆ ಸುತ್ತಿಕೊಂಡು ಕುಳಿತಿರುತ್ತಿತ್ತು. ಅಂದಿನಿಂದ ಮನೆಯವರೆಲ್ಲ ಆ ಕೂಸನ್ನು ಮರಿದೇವರು ಅಂತ ಕರೆದು ಬಹುವಚನ ಹಚ್ಚಿದರು. ಹೆತ್ತ ತಾಯಿ ಅಂಬೆಗಾಲಿಡುವ ಮಗನಿಗೆ "ಬರ್ರಿ ದೇವ್ರೇ, ಉಣ್ರಿ" ಅನ್ನುತ್ತಿದ್ದಳಂತೆ. ಅವರಿಗೆ ಬೇರೆ ತಟ್ಟೆ, ಬೇರೆ ಮಣೆ, ಬೇರೆ ಹಾಸಿಗೆ. ಯಾರೂ ತಲೆ ಸವರುವಂತಿಲ್ಲ, ಕಿವಿ ಹಿಂಡುವಂತಿಲ್ಲ. ಶ್ರಾವಣ ಸೋಮವಾರ ಮಣೆಯ ಮೇಲೆ ಕೂರಿಸಿ ಅದೇ ಗಿಂಡಿಯಿಂದ ಅವರ ಪಾದಕ್ಕೇ ನೀರು ಹಾಕುತ್ತಿದ್ದರು. ಮಠಕ್ಕೆ ಕರೆದೊಯ್ಯುವ ವಯಸ್ಸು ಬಂದಾಗ ಮಠವಿರುವ ಊರಿಗೆ ಪ್ಲೇಗು ಬಂತು. "ಸದ್ಯಕ್ಕೆ ಅಲ್ಲೇ ಇರಲಿ" ಅಂತ ಸ್ವಾಮಿಗಳು ಹೇಳಿ ಕಳಿಸಿದರು. ಪ್ಲೇಗು ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬಂತು. ಹೀಗೆ ಇವತ್ತು ನಾಳೆ ಅನ್ನುತ್ತಾ ಚಿಕ್ಕಪ್ಪನಿಗೆ ಮೀಸೆಯ ರೇಖೆ ಮೂಡಿತು, ನಾನು ಹುಟ್ಟಿ ಓಡಾಡುವಂತಾದೆ.

ಸುಳ್ಳು ಯಾಕೆ ಹೇಳಲಿ, ನನಗೆ ಅವರನ್ನು ಕಂಡರೆ ಹೊಟ್ಟೆಯುರಿ. ಕೆನೆ ಅವರಿಗೆ, ಹೋಳಿಗೆಗೆ ಎರಡನೇ ಸಲ ತುಪ್ಪ ಅವರಿಗೆ. ನಾನು ಮಡಕೆ ಒಡೆದರೆ ಬೆನ್ನಿಗೆ ಗುದ್ದು, ಅವರು ಒಡೆದರೆ "ಹೋಗ್ಲಿ ಬಿಡ್ರಿ, ಕೈಗೆ ಏನೂ ಆಗ್ಲಿಲ್ಲ ತಾನೆ?" ಅನ್ನುವ ಉಪಚಾರ. ಆದರೆ ಅವರ ಜೊತೆ ಗೋಲಿಯಾಡಲು ಓಣಿಯ ಹುಡುಗರು ಯಾರೂ ಬರುತ್ತಿರಲಿಲ್ಲ ಅನ್ನುವುದೂ ನನಗೆ ಕಾಣುತ್ತಿತ್ತು. ಸೋತರೆ ಕಾಲಿಗೆ ಬೀಳಬೇಕೋ, ಗೆದ್ದರೆ ಬೀಳಬೇಕೋ ಅಂತ ಆ ಹುಡುಗರಿಗೆ ಗೊಂದಲ. ಒಂದು ಸಲ ಅಪ್ಪ ಹತ್ತಿ ಹೇರಿಕೊಂಡು ದುರ್ಗಕ್ಕೆ ಹೊರಟಾಗ ಚಿಕ್ಕಪ್ಪನೂ ಗಾಡಿ ಹತ್ತಿದರು. ಅಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲಿನಲ್ಲಿ ಹಬೆಯಿಂದ ತಿರುಗುವ ದೊಡ್ಡ ಯಂತ್ರ ನೋಡಿದರು. ಅಪ್ಪ ಹತ್ತಿ ಮಾರಿ, ಎತ್ತಿಗೆ ನೀರು ಕುಡಿಸಿ, ಉಂಡು ಬಂದರೂ ಇವರು ಯಂತ್ರದ ಮುಂದೆ ಬಾಯಿ ಬಿಟ್ಟುಕೊಂಡೇ ನಿಂತಿದ್ದರಂತೆ. ಊರಿಗೆ ಬಂದ ಮೇಲೆ ಅವರಿಗೆ ಅದೇ ಜಪ. "ಗಿರಿಜಾ, ಬರೀ ನೀರು ಕಣೇ. ನೀರು, ಬೆಂಕಿ. ಅಷ್ಟರಾಗೇ ಅಷ್ಟು ದೊಡ್ಡ ಗಾಲಿ ತಿರುಗ್ತೈತೆ!" ಯಾವತ್ತೂ ಯಾರ ಹತ್ತಿರವೂ ಎರಡು ಮಾತು ಆಡದವರು ಅವತ್ತು ನನ್ನ ಜೊತೆ ರಾಗಿ ಅಂಬಲಿ ಆರಿ ಹೋಗುವ ತನಕ ಮಾತಾಡಿದರು. ಹೊಟ್ಟೆಯುರಿ ಅವತ್ತೇ ಸ್ವಲ್ಪ ಕಡಿಮೆಯಾಯಿತು.

ಹಿತ್ತಲ ಬಚ್ಚಲ ಮನೆ ಅವರ ಕಾರ್ಖಾನೆಯಾಯಿತು. ಮೊದಲು ಮಣ್ಣಿನ ಕುಡಿಕೆಯ ಬಾಯಿಗೆ ಅರಗು ಹಚ್ಚಿ ಮುಚ್ಚಿ ಕಾಯಿಸಿದರು. ಅದು ಫಟ್ಟೆಂದು ಸೀಳಿ ಒಲೆ ಆರಿತು, ಮೇಯುತ್ತಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಕೆರೆ ದಾರಿ ಹಿಡಿಯಿತು. ಆಮೇಲೆ ಸೀಮೆಎಣ್ಣೆಯ ಡಬ್ಬಿ ತಂದರು. ಅದರ ಬೆಸುಗೆ ಬಿಟ್ಟು ಬಚ್ಚಲ ತುಂಬ ಹೊಗೆ, ಹಬೆ ಯಾವುದು, ಚಿಕ್ಕಪ್ಪ ಯಾವುದು ತಿಳಿಯದು. ಹಬೆ ಹಿಡಿದಿಡುವುದಕ್ಕಿಂತ ಅದರಿಂದ ಕೆಲಸ ಮಾಡಿಸುವುದು ಇನ್ನೂ ಕಷ್ಟವಾಗಿತ್ತು. ಮಿಲ್ಲಿನ ಯಂತ್ರದಲ್ಲಿ ಒಂದು ಕೊಳವೆಯೊಳಗೆ ದಂಡ ಹೋಗಿ ಬಂದು ಮಾಡುವುದನ್ನು ಅವರು ಕಂಡಿದ್ದರು. ಅಂಥ ಕೊಳವೆ, ಅಂಥ ದಂಡ ನಮ್ಮ ಮನೆಯಲ್ಲೇ ಇತ್ತಲ್ಲ! ಕಾಮನ ಹಬ್ಬದಲ್ಲಿ ಬಣ್ಣ ಎರಚುವ ಹಿತ್ತಾಳೆಯ ಪಿಚಕಾರಿ. ಅದು ನನ್ನದು. ನಾನು ಕೊಡುವುದಿಲ್ಲ ಅಂತ ನೆಲಕ್ಕೆ ಕಾಲು ಬಡಿದೆ. "ಮರಿದೇವ್ರು ಕೇಳಿದ್ರೆ ಇಲ್ಲ ಅಂತೀಯೇನೇ?" ಅಂತ ಅಜ್ಜಿ ಕಸಿದು ಕೊಟ್ಟಳು. ದಂಡ ಕೊಳವೆಗೆ ಬಿಗಿಯಾಗಿ ಕೂರಲು ಚರ್ಮ ಸುತ್ತಿ ಕುರಿಕೊಬ್ಬು ಸವರಬೇಕು ಅಂತ ಮಿಲ್ಲಿನ ಯಂತ್ರ ಓಡಿಸುವ ಡ್ರೈವರು ಹೇಳಿದ್ದನಂತೆ. ಕೊರಳಲ್ಲಿ ಲಿಂಗ ಕಟ್ಟಿದ ಮನೆಯಲ್ಲಿ ಚರ್ಮ, ಕೊಬ್ಬು ಅಂದರೆ ಮುಗಿಯಿತು ಕಥೆ. ಚಿಕ್ಕಪ್ಪ ಹತ್ತಿ ನೂಲು ಸುತ್ತಿ ಹರಳೆಣ್ಣೆ ಕುಡಿಸಿದರು. ಮನೆಯಲ್ಲಿ ಹತ್ತಿಗೂ ಹರಳಿಗೂ ಬರವಿರಲಿಲ್ಲ. ಆ ವಾಸನೆ ನಮ್ಮ ಮನೆ ಸೇರಿದ್ದು ಹೀಗೆ. ಉಣ್ಣಲು ಕುಳಿತರೂ ಅದೇ, ಮಲಗಿದರೂ ಅದೇ.

ಆದರೆ ಹಬೆಗೆ ಪಿಚಕಾರಿಯ ದಂಡ ಒಮ್ಮೆ ಹೊರಗೆ ಬಂತೆಂದರೆ ಹಾಗೇ ನಿಲ್ಲುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಬಂದ ಹಬೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಚಿಕ್ಕಪ್ಪ ಊಟ ಬಿಟ್ಟು ಕುಳಿತರು. ಮುಂದಿನ ಸಲ ದುರ್ಗಕ್ಕೆ ಹೋದಾಗ ಆ ಡ್ರೈವರು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು ತೋರಿಸಿದ. ಕೊಳವೆಯನ್ನು ಬಿಗಿಯಾಗಿ ಕಟ್ಟಬಾರದು, ಒಂದು ಮೊಳೆಯ ಮೇಲೆ ತೊಟ್ಟಿಲಿನ ಹಾಗೆ ತೂಗಾಡಲು ಬಿಡಬೇಕು. ಅದರ ತೂತು ಈ ಕಡೆ ವಾಲಿದಾಗ ಹಬೆ ಬರುವ ತೂತಿಗೆ ಎದುರಾಗುತ್ತದೆ, ಆ ಕಡೆ ವಾಲಿದಾಗ ಹಬೆ ಹೊರಗೆ ಹೋಗುವ ತೂತಿಗೆ. ದಂಡದ ತುದಿಗೆ ಸೇರಿಸಿದ ಬಾವಿಯ ಹಳೆಯ ರಾಟೆ ಗಾಲಿಯಾಯಿತು. ಇನ್ನು ಬೇಕಾಗಿದ್ದು ಒಡೆಯದ, ಬೆಸುಗೆ ಬಿಡದ, ಸಣ್ಣ ಬಾಯಿಯ ಗಟ್ಟಿ ಪಾತ್ರೆ ಒಂದೇ.

ಅದೇ ದಿನಗಳಲ್ಲಿ ಮಠದಿಂದ ಆಳು ಬಂದು, ಪ್ಲೇಗು ಪೂರ್ತಿ ಹೋಗಿದೆ, ಶಿವರಾತ್ರಿ ಕಳೆದ ಮೇಲೆ ಬುದ್ಧಿಯವರೇ ಬಂದು ಮರಿಯನ್ನು ಕರೆದೊಯ್ಯುತ್ತಾರೆ ಅಂತ ಹೇಳಿ ಹೋದ. ಅಪ್ಪ ತಲೆಬಾಗಿ "ಆಗಲಿ" ಅಂದರು. ಅಜ್ಜಿ ಬಂದವನಿಗೆ ಮಜ್ಜಿಗೆ ಕೊಟ್ಟು ಕಳಿಸಿ, ಅಡುಗೆ ಮನೆಗೆ ಹೋಗಿ ರೊಟ್ಟಿ ತಟ್ಟತೊಡಗಿದಳು. ಒಂದೂ ದುಂಡಗೆ ಬರಲಿಲ್ಲ. "ಅವತ್ತು ಹರಕೆ ಹೊತ್ತ ಬಾಯಿಗೆ ಹುಳ ಬೀಳ" ಅಂತ ಹಂಚಿಗೆ ಹೇಳುವಂತೆ ಹೇಳಿದಳು. ಅವ್ವ ಬೆಚ್ಚಿ, "ಹಂಗನಬೇಡ್ರೀ ಅತ್ತೆ" ಅಂದಳು. "ಮತ್ತೇನನ್ಲೇ? ಬದುಕ್ಲಿ ಅಂತ ಕೊಟ್ಟೆ. ಬದುಕಿದ. ಒಂದು ದಿನಾನಾದ್ರೂ ನನ್ನ ಮಗಾ ಅಂತ ಎದೆಗೆ ಅವಚ್ಕಂಡೆನಾ? ಈಗ ಬಂದು ಕರ್ಕಂಡ್ಹೋಗ್ತಾರೆ, ಮುಗೀತು." ಅಜ್ಜಿ ಅಳುವುದನ್ನು ನಾನು ಮೊದಲ ಸಲ ಕಂಡದ್ದು ಅವತ್ತು. ಆದರೆ ಕೊಟ್ಟ ಮಾತು ಹಿಂದಕ್ಕೆ ಕೇಳುವುದು ಆ ಮನೆಯ ಯಾರಿಂದಲೂ ಆಗದ ಕೆಲಸ. ಚಿಕ್ಕಪ್ಪನನ್ನು ಯಾರೂ ಕೇಳಲಿಲ್ಲ. ನಾನೇ ಬಚ್ಚಲಿಗೆ ಹೋಗಿ, "ನಿಮಗೆ ಹೋಗಾಕೆ ಇಷ್ಟಾನಾ?" ಅಂದೆ. ಅವರು ಪಿಚಕಾರಿಗೆ ನೂಲು ಸುತ್ತುತ್ತಾ, "ಅಲ್ಲಿ ಇದನ್ನ ಮಾಡಾಕೆ ಬಿಡ್ತಾರೇನೇ?" ಅಂದರು. ಬಿಡುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು.

ಸ್ವಾಮಿಗಳು ಹೇಳಿದ ದಿನಕ್ಕೆ ಮೊದಲೇ ಬಂದರು. ಚಿಕ್ಕಜಾಜೂರಿನಲ್ಲಿ ರೈಲು ಇಳಿದು ಗಾಡಿ ಕಟ್ಟಿಸಿಕೊಂಡು, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಮ್ಮ ಬಾಗಿಲಲ್ಲಿ ಇಳಿದರು. ದೊಡ್ಡ ಆಳು, ಕೆಂಡದಂಥ ಸಿಟ್ಟು, ಮೊಣಕಾಲು ನೋವು. ಪಾದಕ್ಕೆ ನೀರು ಹಾಕದೆ ಗುರುಗಳು ಹೊಸ್ತಿಲು ದಾಟುವಂತಿಲ್ಲ. ಅಪ್ಪ ಓಡಿ ಬಂದು ಸಾಷ್ಟಾಂಗ ಹಾಕಿದರು, ಅವ್ವ ರಂಗೋಲಿ ಎಳೆದಳು, ಅಜ್ಜಿ ಗಿಂಡಿ ತರಲು ದೇವರ ಮನೆಗೆ ಹೋದಳು. ಗೂಡಿನಲ್ಲಿ ಕಾವಿ ಬಟ್ಟೆ ಮಾತ್ರ ಇತ್ತು. "ತಂಬಿಗೆ ಕೊಡ್ರೀ ಅವ್ವಾ, ಬುದ್ಧೇರು ಬಿಸಿಲಾಗೆ ನಿಂತವ್ರೆ" ಅಂತ ಅಪ್ಪ ಕೂಗಿದರೆ, ಮಠದ ಗಿಂಡಿಯೇ ಆಗಬೇಕು ಅಂತ ಅಜ್ಜಿ ಮನೆಯೆಲ್ಲ ತಡಕಾಡುತ್ತಿದ್ದಾಳೆ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಚಕ್ ಚಕ್ ಚಕ್ ಅಂತ ಸದ್ದು ಕೇಳಿಸಿತು. ಸ್ವಾಮಿಗಳು ಕಿವಿಗೊಟ್ಟರು. "ಏನ್ರಯ್ಯಾ ಅದು?" ಅಂದರು. ಅವರು ಮನೆಯ ಪಕ್ಕದ ಸಂದಿಯಿಂದ ಧೂಳುಗಾಲಲ್ಲೇ ಹಿತ್ತಲಿಗೆ ನಡೆದರು. ನಾವೆಲ್ಲ ಹಿಂದೆ.

ಹತ್ತಿ ಕಟ್ಟಿಗೆಯ ಉರಿಯ ಮೇಲೆ ಗಿಂಡಿ ಕುಳಿತಿತ್ತು. ಹೊಗೆಗೆ ಕಪ್ಪಾಗಿತ್ತು. ಬಾಯಿಗೆ ಮರದ ಬಿರಡೆ ಬಿಗಿದು, ಮೂತಿಗೆ ಕಲಾಯಿಯ ತವರದಲ್ಲಿ ಸಣ್ಣ ಕೊಳವೆ ಬೆಸೆದಿತ್ತು. ಕೊಳವೆಯ ತುದಿಗೆ ನನ್ನ ಪಿಚಕಾರಿ ತೊಟ್ಟಿಲಿನ ಹಾಗೆ ತೂಗಾಡುತ್ತಿತ್ತು. ಬಾವಿಯ ರಾಟೆ ತಿರುಗುತ್ತಿತ್ತು! ಶಿವನಾಣೆ, ಯಾರೂ ಮುಟ್ಟದೆ ತಿರುಗುತ್ತಿತ್ತು. ಪಕ್ಕದಲ್ಲಿ ಚಿಕ್ಕಪ್ಪ ಮಸಿ ಮುಖದಲ್ಲಿ ಕುಕ್ಕರಗಾಲಲ್ಲಿ ಕುಳಿತು ಎಣ್ಣೆ ಹನಿಸುತ್ತಿದ್ದರು. ಅವರು ತಲೆಯೆತ್ತಿ ಸ್ವಾಮಿಗಳನ್ನು ಕಂಡರು. ಬೇರೆ ಯಾರೇ ಆಗಿದ್ದರೂ ಅಲ್ಲೇ ಅಡ್ಡ ಬೀಳಬೇಕಿತ್ತು. ಹುಟ್ಟಿದಾಗಿನಿಂದ ಒಂದು ಬೈಗುಳ ಕೇಳದ ಈ ಮಹಾರಾಯ, "ಬರ್ರಿ ಬುದ್ಧಿ, ಸರಿಯಾದ ಹೊತ್ತಿಗೆ ಬಂದ್ರಿ, ನೋಡ್ರಿ!" ಅಂದುಬಿಟ್ಟರು.

ಸ್ವಾಮಿಗಳು ರಾಟೆ ನೋಡಲಿಲ್ಲ, ಗಿಂಡಿ ನೋಡಿದರು. "ಇದು ಮಠದ ಗಿಂಡಿ ಅಲ್ಲೇನು?" ಅಂದರು. "ಹೌದು ಬುದ್ಧಿ. ನನ್ನ ಕಾಲಿಗೆ ನೀರು ಹಾಕೋದು. ನಂದೇ. ಬೆಸುಗೆ ಇಲ್ದಂಗೆ ಬಡಿದವ್ರೆ, ಅದಕ್ಕೇ ಹಬೆ ತಡೀತೈತೆ" ಅಂತ ಚಿಕ್ಕಪ್ಪ ವಿವರಿಸತೊಡಗಿದರು. ಗಿಂಡಿ ಮನೆಗೆ ಯಾಕೆ ಬಂತೆಂದು ಅವರಿಗೆ ಗೊತ್ತಿತ್ತು, ಅದನ್ನು ಮುಟ್ಟಬಾರದು ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಮುಟ್ಟಬೇಡ ಅಂತ ಅವರಿಗೆ ಹೇಳಿದವರಾದರೂ ಯಾರು? ಸ್ವಾಮಿಗಳು ಸರಿಯಾಗಿ ನೋಡಲು ಹತ್ತಿರ ಬಂದರು. ಗಿಂಡಿಯಲ್ಲಿ ನೀರು ತಳ ಕಂಡಿತ್ತೋ ಏನೋ, ಉರಿ ತಾಗಿ ತವರ ಕರಗಿ, ಮೂತಿಯ ಕೊಳವೆ ಕಳಚಿ ಬಿತ್ತು. ಭುಸ್ಸೆಂದು ಹಬೆ ನುಗ್ಗಿ, ಉಳಿದ ಬಿಸಿನೀರು ಸ್ವಾಮಿಗಳ ಎರಡೂ ಪಾದಗಳ ಮೇಲೆ ಎರಚಿತು.

"ಅಯ್ಯಯ್ಯೋ ಶಿವನೇ!" ಅಂತ ಮೊಣಕಾಲು ನೋವಿನ ಸ್ವಾಮಿಗಳು ಎಳೆಗರುವಿನ ಹಾಗೆ ಹಾರಿದರು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತರು. ಅವ್ವ ಬೆಣ್ಣೆ ತಂದು ಹಚ್ಚಿದಳು. ಸದ್ಯ, ಬೊಬ್ಬೆ ಬರಲಿಲ್ಲ, ಕೆಂಪಾಗಿತ್ತು ಅಷ್ಟೇ. ಚಿಕ್ಕಪ್ಪ ಮಾತ್ರ ಕಳಚಿದ ಕೊಳವೆ ಎತ್ತಿಕೊಂಡು, "ನೀರು ಕಮ್ಮಿ ಆಗಿತ್ತು ಬುದ್ಧಿ, ಅದಕ್ಕೇ. ತುಂಬಿದ್ರೆ ಇನ್ನೂ ಓಡ್ತಿತ್ತು" ಅಂದರು. ಸ್ವಾಮಿಗಳು ಬಚ್ಚಲ ಕಲ್ಲಿನ ಮೇಲೆ ಕುಳಿತು ಚಿಕ್ಕಪ್ಪನನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಮತ್ತೆ ಚಿಕ್ಕಪ್ಪನನ್ನು ನೋಡಿದರು.

"ಪಾದಪೂಜೆ ಆತು ಬಿಡ್ರಿ" ಅಂದರು ಕೊನೆಗೆ. "ಇವನ್ನ ಕರ್ಕಂಡ್ಹೋದ್ರೆ ಮಠದಾಗೆ ಒಂದು ಗಿಂಡಿ ಉಳಿಯಾಕಿಲ್ಲ, ಗಂಟೆ ಉಳಿಯಾಕಿಲ್ಲ. ನೀವು ಕೊಟ್ರಿ, ನಾವು ತಗಂಡ್ವಿ, ಹರಕೆ ಅವತ್ತೇ ತೀರೈತೆ. ಈಗ ನಮ್ಮ ಗಿಂಡಿ ನಮಗೆ ಕೊಡ್ರಿ, ನಿಮ್ಮ ಹುಡುಗ್ನ ನೀವಿಟ್ಕಳ್ರಿ." ಅಜ್ಜಿ ಮುಂದೆ ಬಂದು ಸೆರಗೊಡ್ಡಿ, "ಸಿಟ್ಟಿಂದ ಹೇಳ್ತೀರೇನು ಬುದ್ಧಿ, ಒಪ್ಪಿ ಹೇಳ್ತೀರೇನು?" ಅಂದಳು. "ಕಾಲು ಉರೀತೈತೆ ತಾಯೀ, ಸಿಟ್ಟಿಲ್ದೆ ಇರತೈತಾ? ಆದ್ರೂ ಆಡಿದ ಮಾತು ಆಡಿದ್ದೇ" ಅಂದರು. ಕರುಣೆಯೋ, ನಿಜವಾದ ಸಿಟ್ಟೋ, ನನಗೆ ಇವತ್ತಿಗೂ ಗೊತ್ತಿಲ್ಲ. ಯಾವುದಾದರೂ ಆಗಲಿ, ಅವರ ಪಾದಕ್ಕೆ ಸಾವಿರ ಶರಣು. ಉಂಡು, ಗಿಂಡಿಯನ್ನು ಮಸಿ ಸಮೇತ ಕಾವಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು, ತಣ್ಣನೆಯ ಹೊತ್ತಿಗೆ ಗಾಡಿ ಹತ್ತಿ ಹೋದರು.

ಗಾಡಿ ಓಣಿಯ ತಿರುವು ದಾಟುವ ತನಕ ಅಜ್ಜಿ ಕೈಮುಗಿದು ನಿಂತಿದ್ದಳು. ಆಮೇಲೆ ತಿರುಗಿದಳು. "ಲೇ ರುದ್ರಾ! ಬಾರೋ ಇಲ್ಲಿ!" ಅಂದಳು. ಅಜ್ಜಿ ಬೇರೆ ಯಾರನ್ನೋ ಕರೆಯುತ್ತಿದ್ದಾಳೆ ಅಂತ ಚಿಕ್ಕಪ್ಪ ಹಿಂದೆ ನೋಡಿದರು. "ನಿನಗೇ ಕಣೋ ಮುಂಡೇದೇ! ದೇವರ ಮನೆ ಗಿಂಡಿ ಒಲೆಗೆ ಇಡ್ತೀಯಾ? ಬುದ್ಧೇರ ಕಾಲು ಬೇಯಿಸ್ತೀಯಾ? ಮನೆ ಸುಟ್ಟು ನಮ್ಮನ್ನೆಲ್ಲ ಬೀದಿಗೆ ನಿಲ್ಲಿಸ್ತಿದ್ಯಲ್ಲೋ ಗೂಬೆ! ಕೈ ತೋರ್ಸು, ಸುಟ್ಕಂಡಿಯೇನೋ?" ಅಂತ ಕಿವಿ ಹಿಡಿದು ಹಿಂಡಿದಳು, ಬೆನ್ನಿಗೆ ಗುದ್ದಿದಳು, ಹುಟ್ಟಿದಾಗಿನಿಂದ ಕೂಡಿಟ್ಟ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಬೈದಳು. ಮೀಸೆ ಬರುತ್ತಿದ್ದ ಆ ಹುಡುಗ "ನೋಯ್ತೈತೆ ಬಿಡವ್ವಾ" ಅನ್ನುತ್ತಾ ನಗುತ್ತಿದ್ದ, ಅಳುತ್ತಿದ್ದ. ಗುದ್ದಿದ ಕೈಯಲ್ಲೇ ಅಜ್ಜಿ ಅವನನ್ನು ಎದೆಗೆ ಎಳೆದುಕೊಂಡಳು. ಅವನ ಮುಖದ ಮಸಿ ಅವಳ ಸೀರೆಗೆಲ್ಲ ಅಂಟಿತು. ಅಬ್ಬಾ, ನನಗೆ ಆದ ಸಂತೋಷ ಹೇಳತೀರದು. ಇಷ್ಟು ದಿನ ಮನೆಯ ಮಕ್ಕಳಲ್ಲಿ ಬೈಗುಳ ನನ್ನೊಬ್ಬಳ ಪಾಲಾಗಿತ್ತು, ಇನ್ನು ಹಂಚಿಕೊಳ್ಳಲು ಒಬ್ಬ ಸಿಕ್ಕ. ಆ ಸಾಯಂಕಾಲದಿಂದ ನಾನೂ ಅವನಿಗೆ ಏಕವಚನ ಹಚ್ಚಿದೆ, ಈ ಬರಹದಲ್ಲೂ ಇನ್ನು ಹಾಗೇ ಬಂದರೆ ಆಶ್ಚರ್ಯವಿಲ್ಲ.

ಚಿಕ್ಕಪ್ಪ ಕಲಾಯಿಯವನ ಜೊತೆ ಕುಳಿತು ಗಟ್ಟಿ ಬೆಸುಗೆ ಕಲಿತ, ಹಬೆ ಮಿತಿಮೀರಿದರೆ ತಾನೇ ತೆರೆದುಕೊಳ್ಳುವ ಸಣ್ಣ ಮುಚ್ಚಳ ಇಡುವುದನ್ನು ಕಲಿತ. ಮುಂದೆ ದುರ್ಗದ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. ಮದುವೆಯಾದ, ಹೆಂಡತಿಯ ಕೈಲೂ ಬೈಸಿಕೊಂಡ. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ಅಂಗೈಯಗಲದ ಯಂತ್ರ ಒಂದನ್ನು ನನ್ನ ಮಕ್ಕಳಿಗೆ ಮಾಡಿಕೊಡುತ್ತಿದ್ದ. ಅಜ್ಜಿ ಕಣ್ಣು ಮಂಜಾದ ಮೇಲೂ ಹಿತ್ತಲಲ್ಲಿ ಕುಳಿತು, "ನೀರು ನೋಡ್ಕಳೋ, ನೀರು ನೋಡ್ಕಳೋ" ಅಂತ ಗದರುತ್ತಿದ್ದಳು. ಈಗ ಆ ಮನೆ ಇಲ್ಲ. ಮಾಳಿಗೆ ಮಳೆಗೆ ಕುಸಿದು, ಗೋಡೆಯ ಮಣ್ಣನ್ನು ಯಾರೋ ಹೊಲಕ್ಕೆ ಹೊಡೆದುಕೊಂಡರು. ಆ ಯಂತ್ರಗಳಲ್ಲಿ ಒಂದೂ ಉಳಿದಿಲ್ಲ. ಹೋಗಲಿ, ವಸ್ತುಗಳಿಗೆ ನಾನು ಅಳುವವಳಲ್ಲ.

ಅಜ್ಜಿಯನ್ನು ನಮ್ಮ ಹತ್ತಿ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಎಷ್ಟೋ ವರ್ಷದ ಮೇಲೆ ಚಿಕ್ಕಪ್ಪ ತೀರಿಕೊಂಡಾಗ, ಎಲ್ಲಿ ಗುಣಿ ತೆಗೆಯಬೇಕು ಅಂತ ಯಾರೂ ಯಾರನ್ನೂ ಕೇಳಲಿಲ್ಲ, ಅಜ್ಜಿಯ ಪಕ್ಕದಲ್ಲೇ ತೆಗೆದರು. ಮಠದಲ್ಲಿ ಇದ್ದಿದ್ದರೆ ಅವನಿಗೆ ಕಲ್ಲಿನ ಗದ್ದುಗೆ ಕಟ್ಟುತ್ತಿದ್ದರು, ದಿನಾ ಬಿಲ್ವಪತ್ರೆ ಏರುತ್ತಿತ್ತು, ಊರೂರಿನ ಜನ ಬಂದು ಅಡ್ಡ ಬೀಳುತ್ತಿದ್ದರು. ನಮ್ಮ ಹೊಲದ ಆ ಬದುವಿಗೆ ಕುರಿ ಕಾಯುವವರು ಬಿಟ್ಟರೆ ಯಾರೂ ಬರುವುದಿಲ್ಲ. ನಾನು ಹೋದಾಗಲೂ ಏನೂ ಒಯ್ಯುವುದಿಲ್ಲ, ನೆರಳಿಲ್ಲದ ಆ ಜಾಗದಲ್ಲಿ ಸ್ವಲ್ಪ ಹೊತ್ತು ಕುಳಿತು, ತಾಯಿ ಮಗ ಜೊತೆಗಿದ್ದಾರೆ ಅಂತ ನೋಡಿಕೊಂಡು ಬರುತ್ತೇನೆ.